ಜಾಡಿಗೆ ಹೇಳಿದ್ದು

ನಮ್ಮೂರಿನಲ್ಲಿ ದೋಸೆಹಿಟ್ಟಿನ ಮುಂದೆ ಯಾರೂ ಮಾತಾಡುವುದಿಲ್ಲ. ರುಬ್ಬಿ, ಪಾತ್ರೆಗೆ ತುಂಬಿ, ತಟ್ಟೆ ಮುಚ್ಚಿದ ಮೇಲೆ ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದುಬಿಡುತ್ತೇವೆ. ಹುದುಗು ಬರುವ ಯಾವ ಪದಾರ್ಥವೇ ಆಗಲಿ ನಮ್ಮಲ್ಲಿ ಕೇಳಿಸಿಕೊಳ್ಳುತ್ತದೆ; ಕೇಳಿಸಿಕೊಂಡದ್ದನ್ನು ತಿಂದವರ ಬಾಯಿಂದ ಆಡಿಸುತ್ತದೆ. ಹಿಟ್ಟಿನದು ಒಂದು ರಾತ್ರಿಯ ಹುದುಗು, ಹಾಗಾಗಿ ದೊಡ್ಡ ಅಪಾಯವಿಲ್ಲ. ಒಂದೋ ಎರಡೋ ಮಾತು, ಅಷ್ಟೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿ ನಡುವೆ "ನಿಮ್ಮಮ್ಮನ ಬುದ್ಧೀನೇ ನಿಮಗೂ ಬಂದಿದೆ" ಅಂದರೆ ಟೀಚರು ತಲೆ ಎತ್ತಿ ನೋಡುವುದೂ ಇಲ್ಲ. ಇವರ ಮನೆಯಲ್ಲಿ ಇವತ್ತು ಇಡ್ಲಿ ಅಂದುಕೊಂಡು ಮುಂದಿನ ಮಗ್ಗಿಗೆ ಹೋಗುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನವರು ತಮ್ಮ ಹಿಟ್ಟನ್ನು ಪಂಪ್‌ಹೌಸಿನಲ್ಲಿ ಇಡುತ್ತಾರೆ, ಮೋಟರಿನ ಸದ್ದು ಬಿಟ್ಟು ಇನ್ನೇನೂ ಕೇಳಿಸದಿರಲಿ ಅಂತ. ಅಲ್ಲಿ ತಿಂಡಿ ತಿಂದವರು ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಾರೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವಾರಗಟ್ಟಲೆ ಹುದುಗಬೇಕಾದ ವೈನಿನ ತಂಟೆಗೆ ಮಾತ್ರ ಊರಿನಲ್ಲಿ ಯಾರೂ ಹೋಗುತ್ತಿರಲಿಲ್ಲ, ನಮ್ಮ ಎದುರುಮನೆಯ ಫಿಲೋಮಿನಾ ಬಾಯಿಯೊಬ್ಬರನ್ನು ಬಿಟ್ಟರೆ. ಅವರದು ಒಂಟಿ ಮನೆ. ಕ್ರಿಸ್‌ಮಸ್ಸಿಗೆ ಮುಂಚೆ ಜಾಡಿ ಇಟ್ಟರೆಂದರೆ ಪ್ರಾರ್ಥನೆಗೆ ಬಿಟ್ಟು ಬೇರೆ ಯಾತಕ್ಕೂ ಅಡುಗೆಮನೆಯಲ್ಲಿ ತುಟಿ ತೆರೆಯುವುದಿಲ್ಲ. ಅವರ ವೈನ್ ಕುಡಿದವರು ಯಾವ ದೇವರ ಭಕ್ತರೇ ಆಗಿರಲಿ, "ನಮೋ ಮರಿಯಾ" ಅಂತ ಹೇಳಿಯೇ ಗ್ಲಾಸು ಕೆಳಗಿಡುತ್ತಾರೆ.

ಇಂಥ ಊರಿನಲ್ಲಿ ನಮ್ಮ ಮನೆಯವರಿಗೆ ವೈನ್ ಮಾಡುವ ಹುಚ್ಚು ಹಿಡಿಯಿತು.

ನಮ್ಮ ಮನೆಯವರು ಅಂದರೆ ಹೊನ್ನಪ್ಪ ಮೇಷ್ಟ್ರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರಾದವರು. ದೇವರು ಅವರಿಗೆ ಗಂಟಲು ಕೊಡುವಾಗ ಮನೆಯನ್ನಲ್ಲ, ಮೈದಾನವನ್ನು ಅಳತೆ ಹಿಡಿದಿದ್ದ. ಅವರು ಗುಟ್ಟು ಹೇಳಿದರೆ ಮೂರನೇ ಮನೆಯವರು ಅಭಿಪ್ರಾಯ ಕೊಡುತ್ತಿದ್ದರು. ರಿಟೈರಾದ ಮೇಲೆ ಮೈದಾನ ಹೋಯಿತು, ಗಂಟಲು ಉಳಿಯಿತು. ಬಾಗಿಲ ಬಳಿ ಚಪ್ಪಲಿಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದರು. ಊಟಕ್ಕೆ ಹೊತ್ತಾಯಿತು ಅಂತ ಸೀಟಿ ಊದಿದರು. ನಾನು ಒಣಗಹಾಕಿದ ಬಟ್ಟೆಗಳ ಸಾಲು ಸೊಟ್ಟಗಿದೆ ಅಂತ ಮತ್ತೆ ಒಣಗಹಾಕಿಸಿದರು. ಆಗಲೇ ನಾನು ಫಿಲೋಮಿನಾ ಬಾಯಿಗೆ ಹೇಳಿದ್ದು, "ಇವರಿಗೆ ಏನಾದ್ರೂ ಒಂದು ಹವ್ಯಾಸ ಕಲಿಸಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂತ.

ನನ್ನ ವಿಷಯವನ್ನೂ ಒಂದಿಷ್ಟು ಹೇಳಿಬಿಡುತ್ತೇನೆ. ನನ್ನದು ಮಾತು ಕಡಿಮೆ ಅಂತ ಊರಿನಲ್ಲಿ ಹೆಸರು. ಹಾಗೇನಿಲ್ಲ. ನಾನು ಶುರು ಮಾಡಿದ ವಾಕ್ಯವನ್ನು ಅವರು ಮುಗಿಸಿಬಿಡುತ್ತಿದ್ದರು, ಅದೂ ಬೇರೆಯದೇ ವಾಕ್ಯವನ್ನಾಗಿ. ಅದಕ್ಕೆ ಶುರು ಮಾಡುವುದನ್ನೇ ಬಿಟ್ಟಿದ್ದೆ. ಮಧ್ಯಾಹ್ನ ದೇವಸ್ಥಾನಕ್ಕೆ ಅಂತ ಹೊರಡುತ್ತಿದ್ದೆನಲ್ಲ, ಹೋಗುತ್ತಿದ್ದುದು ಮಹಿಳಾ ಸಮಾಜದ ಹಿಂದಿನ ಕೋಣೆಗೆ. ಅಲ್ಲಿ ಕೇರಂ ಆಡುತ್ತಿದ್ದೆವು. ಫಿಲೋಮಿನಾ ಬಾಯಿ ನನ್ನ ಜೋಡಿ. ನಾವಿಬ್ಬರೂ ಕೂತರೆ ಎದುರಿಗೆ ಕೂರುವುದಕ್ಕೆ ಜನ ಹಿಂದೆ ಮುಂದೆ ನೋಡುತ್ತಿದ್ದರು. ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಬೈಯುತ್ತಾರೆ ಅಂತಲ್ಲ. ಕಲಿಸುವುದಕ್ಕೆ ಬರುತ್ತಾರೆ ಅಂತ.

ಫಿಲೋಮಿನಾ ಬಾಯಿ ಒಪ್ಪಿದರು. ಅವರ ಮನೆಯ ಜಗಲಿಯಲ್ಲೇ ಮೊದಲ ಪಾಠ.

"ಕಪ್ಪು ದ್ರಾಕ್ಷಿ ತೊಳೆದು ಪೂರ್ತಿ ಒಣಗಿಸ್ಬೇಕು ಮೇಷ್ಟ್ರೇ. ಹಸಿನೀರು ಒಂದು ಹನಿ ತಾಗಬಾರದು, ಬೂಸ್ಟು ಬರುತ್ತೆ. ಕೈಯಲ್ಲಿ ಹಿಸುಕಿ ಜಾಡಿಗೆ ಹಾಕಿ. ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಚಿಟಿಕೆ ಈಸ್ಟ್. ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಬಿಗಿ ಮಾಡ್ಬೇಡಿ. ದಿನಾ ಮರದ ಸೌಟಲ್ಲಿ ಕಲಕಿ."

"ಇಷ್ಟೇನಾ? ಡಿಸಿಪ್ಲಿನ್ ಇದ್ರೆ ಆಯ್ತು ಬಿಡಿ ಬಾಯಿ."

"ಬಾಯಿಗೆ ಬಟ್ಟೆ ಅಂದ್ನಲ್ಲ, ಜಾಡಿಗೊಂದು, ನಿಮಗೊಂದು," ಅಂದರು ಅವರು. ಇವರಿಗೆ ಅರ್ಥವಾಗಲಿಲ್ಲ.

ಜಾಡಿ ನಮ್ಮ ಹಾಲ್‌ನಲ್ಲೇ ಕೂತಿತು, ಅವರು ಗೆದ್ದ ಕಪ್, ಶೀಲ್ಡುಗಳ ಬೀರುವಿನ ಪಕ್ಕದಲ್ಲಿ. ಮೌನ ಕಾಪಾಡುತ್ತೇನೆ ಅಂತ ಅವರು ಪ್ರತಿಜ್ಞೆ ಮಾಡಿದ್ದನ್ನು ಜಾಡಿ ಸೇರಿದಂತೆ ಬೀದಿಯೆಲ್ಲ ಕೇಳಿಸಿಕೊಂಡಿತು. ಕಲಕುವಾಗ "ಒಂದ್, ಎರಡ್, ಒಂದ್, ಎರಡ್" ಅನ್ನದೆ ಅವರ ತೋಳು ಆಡುತ್ತಲೇ ಇರಲಿಲ್ಲ. ನೊರೆ ಉಕ್ಕಿ ಬಂದರೆ "ಏಯ್, ಹಿಂದಕ್ಕೆ!" ಅಂತ ಗದರುತ್ತಿದ್ದರು. ಒಂದು ದಿನ ಹುದುಗು ನಿಧಾನವಾಯಿತು ಅಂತ ಜಾಡಿಯ ಮುಂದೆ ನಿಂತು ಸೀಟಿಯನ್ನೂ ಊದಿದರು.

ಸೋಸಿ, ಗಸಿ ಕೆಳಗಿಳಿದು ತಿಳಿಯಾದ ಮೇಲೆ ರುಚಿ ನೋಡುವುದಕ್ಕೆ ಫಿಲೋಮಿನಾ ಬಾಯಿಯನ್ನೂ ಮನೆ ಓನರ್ ಅಶ್ವತ್ಥಯ್ಯ ದಂಪತಿಗಳನ್ನೂ ಕರೆದರು. ಅಶ್ವತ್ಥಯ್ಯನವರು ಆಚಾರವಂತರು. "ದ್ರಾಕ್ಷಾರಿಷ್ಟ ಅಂತ ತಗೋತೀನಿ, ಔಷಧಿ ಲೆಕ್ಕ" ಅಂತ ಒಂದು ಚಮಚ ಬಾಯಿಗೆ ಬಿಟ್ಟುಕೊಂಡರು. ಮರುಕ್ಷಣ ಕುರ್ಚಿಯಿಂದ ಚಂಗನೆ ಎದ್ದು "ಸಾವಧಾನ್!" ಅಂದರು. ಅವರ ಹೆಂಡತಿ ಗಾಬರಿಯಾಗಿ ನೋಡಿದರೆ, "ಹಿಂದಿನ ಸಾಲು, ಹೊಟ್ಟೆ ಒಳಗೆ!" ಅಂತ ಆಕೆಗೇ ಕೈ ತೋರಿಸಿದರು. ಫಿಲೋಮಿನಾ ಬಾಯಿ ನಗುವುದಕ್ಕೆ ಬಾಯಿ ತೆರೆದರು. ನಗುವಿನ ಬದಲು "ಫುರ್ರ್" ಅಂತ ಸೀಟಿಯ ಸದ್ದು ಹೊರಟಿತು. ಅಶ್ವತ್ಥಯ್ಯನವರ ಹೆಂಡತಿ ಒಂದು ವಾರ ಗಂಡನ ಜೊತೆ ಮಾತು ಬಿಟ್ಟರು. ಹೊಟ್ಟೆಯ ಮಾತು ವೈನಿನದು, ಬೆರಳು ತೋರಿಸಿದ್ದು ಅವರದೇ ಅಂತ ಆಕೆಯ ವಾದ.

ಇವರಿಗೆ ಮಾತ್ರ ನಿಜವಾಗಿ ಬೇಸರವಾಯಿತು. ಸಂಜೆ ಜಗಲಿಯಲ್ಲಿ ಖಾಲಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನೋಡಿ ನನಗೂ ಪಾಪ ಅನ್ನಿಸಿತು. ಆಮೇಲೆ ತಟ್ಟನೆ ತಲೆ ಎತ್ತಿದರು.

"ಇವಳೇ, ಈ ಸಲ ಜಾಡಿ ನಿನ್ನ ಜವಾಬ್ದಾರಿ. ಹಿಂದಿನ ಉಗ್ರಾಣದಲ್ಲಿ ಇಡೋಣ. ನಾನು ಆ ಕಡೆ ಕಾಲೂ ಇಡಲ್ಲ. ನೀನು ಹೇಗಿದ್ರೂ ಮಾತೇ ಆಡಲ್ವಲ್ಲ, ನೀನೇ ಕಲಕು."

ನಾನು ತಲೆಯಾಡಿಸಿದೆ.

ಎರಡನೇ ಸಲದ ವೈನ್ ಶುರುವಾದದ್ದು ಹೀಗೆ. ನನಗೆ ಆ ಕೆಲಸ ಹಿಡಿಸಿಬಿಟ್ಟಿತು, ಅದನ್ನು ಮುಚ್ಚಿಡುವುದೇಕೆ. ಉಗ್ರಾಣ ಬೆಚ್ಚಗೆ, ಕತ್ತಲಾಗಿ ಇತ್ತು. ಜಾಡಿಯ ಬಟ್ಟೆ ಬಿಚ್ಚಿದರೆ ಮೇಲೆ ಸಿಪ್ಪೆಗಳ ದಪ್ಪ ಕೆನೆ, ಅದರ ಸಂದಿಯಲ್ಲಿ ಪುಟಪುಟ ಅನ್ನುವ ಗುಳ್ಳೆಗಳು. ಸೌಟಿನಿಂದ ಸಿಪ್ಪೆಗಳನ್ನು ಕೆಳಕ್ಕೆ ಒತ್ತಿದರೆ ಜಾಡಿ ನಿಟ್ಟುಸಿರು ಬಿಟ್ಟಹಾಗೆ ಉಸ್ಸೆನ್ನುತ್ತಿತ್ತು. ಮೊದಲ ದಿನಗಳಲ್ಲಿ ಸಿಹಿ ವಾಸನೆ. ಬರಬರುತ್ತ ಅದರಲ್ಲಿ ಒಂದು ಖಾರ. ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಆಗ ನನ್ನಲ್ಲಿ ಯಾವ ದುರುದ್ದೇಶವೂ ಇರಲಿಲ್ಲ.

ಆ ಮಧ್ಯೆ ಒಂದು ಬೆಳಿಗ್ಗೆ ಇವರು ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಸುದ್ದಿ ಹೇಳಿದರು.

"ಎಲ್ಲ ತೀರ್ಮಾನ ಆಯ್ತು. ಘಟ್ಟದ ಆಚೆ ಒಂದು ವಸತಿ ಶಾಲೆ. ಫಿಸಿಕಲ್ ಡೈರೆಕ್ಟರ್ ಆಗಿ ಬನ್ನಿ ಅಂತ ಸೆಕ್ರೆಟರಿ ಖುದ್ದಾಗಿ ಫೋನ್ ಮಾಡಿದ್ರು. ಹೂಂ ಅಂದೆ. ಕ್ವಾರ್ಟರ್ಸ್ ಕೊಡ್ತಾರೆ. ಅಶ್ವತ್ಥಯ್ಯನವರಿಗೂ ಮನೆ ಬಿಡ್ತೀವಿ ಅಂತ ಹೇಳಿಯಾಯ್ತು."

"ರೀ, ನಾನು..."

"ನೀನು ಟ್ರಂಕ್ ಇಳಿಸು. ಎರಡೆರಡು ಸೀರೆ ಮಡಿಸಿ ಸಾಲಾಗಿ ಜೋಡಿಸು, ಜಾಗ ಉಳಿಯುತ್ತೆ. ಈ ವೈನ್ ರೆಡಿ ಆಗೋ ಹೊತ್ತಿಗೆ ಸೆಕ್ರೆಟರಿಯವರನ್ನೇ ಊಟಕ್ಕೆ ಕರೀತೀನಿ. ಬೀಳ್ಕೊಡುಗೆ ಊಟ. ನನ್ನ ಕೈ ರುಚಿ ಅವರೂ ನೋಡ್ಲಿ."

ನನ್ನ ಕೈ ರುಚಿ ಅಂದರು, ದಿನಾ ಕಲಕುತ್ತಿದ್ದವಳ ಮುಂದೆ.

ನಾನು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ಜಾಡಿಯ ಬಟ್ಟೆ ಬಿಚ್ಚಿದೆ. ಈ ಊರು, ಈ ಬೀದಿ, ಸಮಾಜದ ಆ ಕೋಣೆ, ಬೋರ್ಡಿನ ಮೇಲೆ ಪೌಡರ್ ಉದುರಿಸಿ ಅಂಗೈಯಿಂದ ಸವರುವಾಗಿನ ಆ ತಂಪು, ಎಲ್ಲವನ್ನೂ ಟ್ರಂಕಿನಲ್ಲಿ ಸಾಲಾಗಿ ಜೋಡಿಸಬೇಕಂತೆ. ಬಗ್ಗಿ ಜಾಡಿಯ ಬಾಯಿಗೆ ಬಾಯಿಟ್ಟು ಹೇಳಿದೆ: "ನಾನು ಬರಲ್ಲ."

ಜಾಡಿ ಪುಟಪುಟ ಅಂದಿತು. ನಡುವೆ ಬಾಯಿ ಹಾಕಲಿಲ್ಲ. ಮುಂದುವರಿಸು ಅಂದಹಾಗೆ ಇತ್ತು.

ಹೇಳಿದ ಮೇಲೆ ಹೆದರಿಕೆಯಾಯಿತು. ಮಾರನೆಯ ದಿನ ಹೆದರಿಕೆ ಕಡಿಮೆಯಾಗಿ ಇನ್ನೆರಡು ಮಾತು ಹೇಳಿದೆ. ಅದರ ಮಾರನೆಯ ದಿನ ಸ್ಟೂಲ್ ತೆಗೆದುಕೊಂಡು ಹೋದೆ. ಆಮೇಲೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನುಂಗಿದ ಮಾತುಗಳು ಕೂಡ ಎಲ್ಲೆಲ್ಲಿಂದಲೋ ಎದ್ದು ಬಂದವು. ಕೆಲವು ಮರೆತೇಹೋಗಿದ್ದವು, ಹೇಳಿದ ಮೇಲೆ ನನಗೇ ನಗು ಬಂತು.

ಒಂದು ದಿನ ಹಿತ್ತಲ ಬಾಗಿಲಿನಿಂದ ವೈನ್ ನೋಡಲು ಬಂದ ಫಿಲೋಮಿನಾ ಬಾಯಿ ಹೊಸಲಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ತಿರುಗಿ ನೋಡಿ ಬೆಚ್ಚಿದೆ. ಅವರು ಏನೂ ಹೇಳದೆ ಒಳಗೆ ಬಂದು, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ನುಂಗದೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಉಗುಳಿ ಪಿಸುಗುಟ್ಟಿದರು.

"ಒಗರು ಜಾಸ್ತಿ ಆಗಿದೆ. ಸ್ವಲ್ಪ ಸಕ್ಕರೆ ಹಾಕ್ತೀರಾ?"

ಯೋಚನೆ ಮಾಡಿದೆ. "ಬೇಡ. ಹೀಗೇ ಇರಲಿ."

"ಹಾಗಾದ್ರೆ ನಂದೂ ಒಂದು ಮಾತು ಇದೆ," ಅಂತ ಅವರು ಒಳಗೆ ಹೋಗಿ ಜಾಡಿಯ ಮೇಲೆ ಬಗ್ಗಿ ಅದೇನೋ ಹೇಳಿ ಬಂದರು. ಏನು ಅಂತ ಕೇಳಿದರೆ ಹೇಳಲಿಲ್ಲ.

ಊಟದ ದಿನ ಬಂತು. ವೈನ್ ಸೋಸಿದಾಗ ಬಣ್ಣ ನೇರಳೆಹಣ್ಣಿನ ಹಾಗಿತ್ತು, ಎಂಥಾ ಚೆಲುವು. ಅದನ್ನು ಬಚ್ಚಲಿಗೆ ಸುರಿದುಬಿಡಲಾ ಅಂತ ಒಂದು ಕ್ಷಣ ಜಗ್ಗನ್ನು ಎತ್ತಿಯೂ ಇದ್ದೆ. ಅಷ್ಟರಲ್ಲಿ ಇವರೇ ಅಡುಗೆಮನೆಗೆ ಬಂದರು. ಇದೇ ಕಡೆಯ ಅವಕಾಶ ಅಂದುಕೊಂಡು ಬಾಗಿಲಿಗೆ ಅಡ್ಡ ನಿಂತೆ.

"ರೀ, ಒಂದು ಮಾತು ಹೇಳಬೇಕಿತ್ತು. ಈ ವೈನು..."

"ಗೊತ್ತು ಗೊತ್ತು, ಬಣ್ಣ ಫಸ್ಟ್ ಕ್ಲಾಸ್ ಬಂದಿದೆ. ಗ್ಲಾಸ್ ಎತ್ತರದ ಪ್ರಕಾರ ಇಡು."

ಎತ್ತರದ ಪ್ರಕಾರ ಇಟ್ಟು, ತಟ್ಟೆ ಎತ್ತಿಕೊಂಡು ಹಾಲ್‌ಗೆ ನಡೆದೆ.

ಸೆಕ್ರೆಟರಿ ವಿರೂಪಾಕ್ಷಪ್ಪನವರು ಬಿಳಿ ಸಫಾರಿ ತೊಟ್ಟ ಗಂಭೀರ ಮನುಷ್ಯ. ಬೇರೆ ಊರಿನವರು, ಅವರ ಕಡೆ ಹುದುಗು ಬಂದದ್ದಕ್ಕೆ ಕಿವಿಯಿರುವುದಿಲ್ಲವಂತೆ. ಅಶ್ವತ್ಥಯ್ಯ ದಂಪತಿಗಳು ಅವರ ಎದುರಿಗೆ, ಫಿಲೋಮಿನಾ ಬಾಯಿ ಕಿಟಕಿಯ ಪಕ್ಕ. ಸೆಕ್ರೆಟರಿಯವರು ಒಂದು ಗುಟುಕು ಹೀರಿ, "ಆಹಾ" ಅಂದು, ನಿಂತು ಗಂಟಲು ಸರಿಮಾಡಿಕೊಂಡರು.

"ಹೊನ್ನಪ್ಪನವರಂಥ ಶಿಸ್ತಿನ ಸಿಪಾಯಿ ನಮ್ಮ ಸಂಸ್ಥೆಗೆ ಬರ್ತಿರೋದು ನಮ್ಮ ಭಾಗ್ಯ. ಈ ಸಂದರ್ಭದಲ್ಲಿ ನಾನು ಹೇಳೋದು ಇಷ್ಟೇ... ನಾನು ಬರಲ್ಲ. ನಾನು ಎಲ್ಲಿಗೂ ಬರಲ್ಲ ಕಣ್ರೀ. ನನ್ನ ಸೀರೆ ನಾನು ಹೇಗೆ ಬೇಕಾದ್ರೂ ಮಡಿಸ್ತೀನಿ."

ಅಂದವರು ಬೆವರಿ ತಮ್ಮ ಸಫಾರಿಯನ್ನೇ ಒಮ್ಮೆ ನೋಡಿಕೊಂಡರು.

ಊರಿನವರಿಗೆ ಅದು ವೈನಿನ ಮಾತು ಅಂತ ಗೊತ್ತಾಯಿತು, ಯಾರ ಮಾತು ಅಂತ ಇನ್ನೂ ಗೊತ್ತಾಗಿರಲಿಲ್ಲ. ಅಶ್ವತ್ಥಯ್ಯನವರ ಚಮಚ ಆಗಲೇ ಖಾಲಿಯಾಗಿತ್ತು. ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು, ಬೆರಳ ಸಂದಿಯಿಂದಲೇ ಮಾತು ನುಸುಳಿತು: "ದೇವಸ್ಥಾನಕ್ಕೆ ಅಂತ ಹೋಗ್ತೀನಲ್ಲ, ದೇವಸ್ಥಾನಕ್ಕಲ್ಲ. ಕೇರಂ ಆಡೋಕೆ."

"ಏನಂದ್ರೀ?" ಅಂದರು ಅವರ ಹೆಂಡತಿ. ಆಕೆಯೂ ಕುಡಿದಿದ್ದರು. ಗಂಡನನ್ನು ಗದರುವುದಕ್ಕೆ ಬಾಯಿ ತೆರೆದರೆ ಬಂದದ್ದು, "ಇವರಿಗೆ ಹೇಳಿದ್ರೆ ಸೀಟಿ ಹಿಡ್ಕೊಂಡು ಕಲಿಸೋಕೆ ಬರ್ತಾರೆ."

ಸೀಟಿ ಅಂದ ಮೇಲೆ ಇನ್ನು ಊಹಿಸುವುದಕ್ಕೇನು ಉಳಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಇವರೊಬ್ಬರೇ ತಿರುಗಲಿಲ್ಲ.

"ಯಾರೋ ಜಾಡಿಯ ಹತ್ತಿರ ಹೋಗಿದ್ದಾರೆ! ನನ್ನ ಹೆಂಡತಿ ಒಂದು ಮಾತೂ ಆಡಿರಲ್ಲ, ನಾನು ಗ್ಯಾರಂಟಿ ಕೊಡ್ತೀನಿ," ಅಂತ ಗುಡುಗಿ, ಅದನ್ನು ರುಜುವಾತು ಮಾಡುವವರ ಹಾಗೆ ಅತಿ ಎತ್ತರದ ಗ್ಲಾಸನ್ನು ಎತ್ತಿ ಗಟಗಟ ಕುಡಿದುಬಿಟ್ಟರು.

ಆಮೇಲೆ ಏನು ಹೇಳಲಿ. ನನ್ನ ಮಾತುಗಳಿಗೆ ಅಂಥ ಗಂಟಲು ಯಾವತ್ತೂ ಸಿಕ್ಕಿರಲಿಲ್ಲ. "ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ಮೂವತ್ತು ಹುಡುಗರ ಮುಂದೆ ಅಂದ್ರಲ್ಲ, ಅವತ್ತು ನನಗೆ ಜ್ವರ ಇತ್ತು!" ಅಂತ ಇಡೀ ಬೀದಿಗೆ ಕೇಳುವ ಹಾಗೆ ಅಂದರು. "ಬಟ್ಟೆ ಸೊಟ್ಟಗೆ ಒಣಗಿದ್ರೂ ಒಣಗುತ್ತೆ!" ಅಂದರು. "ಇವರು ಮಲಗಿದಾಗ ನೋಡೋಕೆ ಚೆನ್ನಾಗಿರ್ತಾರೆ, ಗೊರಕೆ ಶುರುವಾಗೋವರೆಗೆ!" ಅಂದರು. ಹೊರಗೆ ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಿಲ್ಲಿಸುವುದಕ್ಕೆ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ; ತುಟಿ ಕಚ್ಚಿದರು, ನೀರು ಕುಡಿದರು, ಸೀಟಿಯನ್ನು ಬಾಯಿಗೆ ತುರುಕಿಕೊಂಡರು, ಸೀಟಿಯೂ ನನ್ನ ಮಾತಿನ ರಾಗದಲ್ಲೇ ಊದಿತು. ನಡುವೆ, "ಮೇಷ್ಟ್ರೇ, ನನ್ನ ಮರದ ಸೌಟು ವಾಪಸ್ ಕೊಡಿ!" ಅಂತಲೂ ಬಂತು. ಫಿಲೋಮಿನಾ ಬಾಯಿ ಕಿಟಕಿಯಾಚೆ ನೋಡತೊಡಗಿದರು.

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆಕ್ರೆಟರಿಯವರು ಬಿಟ್ಟೆದ್ದಿದ್ದ ದೊಡ್ಡ ಕುರ್ಚಿಯಲ್ಲಿ ಕೂತೆ. ನಮ್ಮ ಮನೆಯವರು ನಿಂತು ನಾನು ಕೂತದ್ದು ಆ ಹಾಲ್‌ನಲ್ಲಿ ಅದೇ ಮೊದಲು. ಕೊನೆಯಲ್ಲಿ ಅವರ ದನಿ ತಾನಾಗಿಯೇ ಇಳಿಯಿತು. "ನಾನು ಹೇಳೋದನ್ನ ಪೂರ್ತಿ ಕೇಳಿದ್ದು ಈ ಜಾಡಿ ಒಂದೇ," ಅಂದರು. ಅವರ ಬಾಯಿಂದ ಅಷ್ಟು ಮೆಲ್ಲನೆಯ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಯಾರೂ ನಗಲಿಲ್ಲ.

ಸೆಕ್ರೆಟರಿಯವರು ಊಟ ಮಾಡಿಯೇ ಹೊರಟರು, ಯಾಕೆಂದರೆ ಊಟ ಚೆನ್ನಾಗಿತ್ತು. ಹೊರಡುವಾಗ ನನಗೆ ಕೈಮುಗಿದು, "ಅಮ್ಮಾ, ತಮ್ಮ ಅಭಿಪ್ರಾಯ ನನಗೆ ತಿಳೀತು," ಅಂದರು. ಅಶ್ವತ್ಥಯ್ಯನವರ ಹೆಂಡತಿ, ಮನೆಗೆ ಬೇರೆ ಬಾಡಿಗೆಯವರನ್ನು ಹುಡುಕುವುದು ಬೇಡ ಅಂತ ಗಂಡನಿಗೆ ಅಲ್ಲಿಯೇ ಅಪ್ಪಣೆ ಮಾಡಿದರು.

ಸಂಜೆ ಇವರು ಜಗಲಿಯಲ್ಲಿ ಕೂತಿದ್ದರು. ನಾನು ಕಾಫಿ ತಂದಿಟ್ಟೆ. ಮುಖ ಕೆಂಪಗಿತ್ತು.

"ಇಷ್ಟೆಲ್ಲ ಜಾಡಿಗೆ ಹೇಳೋ ಬದಲು ನನಗೇ ಹೇಳಬಹುದಿತ್ತಲ್ಲ!" ಅಂತ ಗದರಿದರು. ಮರುಕ್ಷಣ ಅವರದೇ ಬಾಯಿ, "ಹೇಳೋಕೆ ಬಿಟ್ಟಿದ್ರಾ?" ಅಂದಿತು. ವೈನ್ ಇನ್ನೂ ಇಳಿದಿರಲಿಲ್ಲ.

"ಬಿಡದೆ ಏನು? ಬಾಯಿ ಕಟ್ಟಿ ಹಾಕಿದ್ನಾ?"

"ಸೀರೆ ಮಡಿಸು ಅಂದ್ರಿ. ಬರ್ತೀಯಾ ಅಂತ ಕೇಳಿದ್ರಾ?"

"ಕೇಳ್ಲಿಲ್ಲ," ಅಂದರು. ಈ ಮಾತು ಅವರದೋ ವೈನಿನದೋ ಅವರಿಗೂ ಗೊತ್ತಾಗಲಿಲ್ಲ ಅಂತ ಕಾಣುತ್ತೆ. ನಾನು ಕೂತು ಕಾಫಿ ಕುಡಿದೆ. ಜಗಳವಾಡುವ ಶ್ರಮವೂ ಇಲ್ಲದೆ ಜಗಳ ನನ್ನ ಪರವಾಗಿ ನಡೆಯುತ್ತಿತ್ತು.

"ಹಾಗಾದ್ರೆ ನೀನು ಬರಲ್ಲ."

"ಬರಲ್ಲ," ಅಂದೆ, ಈ ಸಲ ನಾನೇ.

ಕಾಫಿ ಲೋಟವನ್ನು ತಿರುಗಿಸುತ್ತ ಕೂತರು. "ನಾನು ಹೋಗಬೇಕು ಕಣೆ. ಮೈದಾನ ಇಲ್ಲದೆ ನನಗೆ ಕೈಕಾಲು ಆಡಲ್ಲ. ಬೆಳಿಗ್ಗೆ ಎದ್ದ ಕೂಡಲೇ ಯಾರನ್ನ ಸಾಲು ನಿಲ್ಲಿಸಬೇಕು ಅಂತ ಹುಡುಕ್ತೀನಿ. ಮನೆಯಲ್ಲಿ ಚಪ್ಪಲಿ ಬಿಟ್ರೆ ಯಾರಿದ್ದಾರೆ ಹೇಳು?"

ಅದು ಖಂಡಿತ ಅವರದೇ ಮಾತು. ಅವರ ಬಾಯಿಂದ ಇಂಥದ್ದೊಂದು ಬರಬಹುದು ಅಂತ ನಾನು ಎಣಿಸಿರಲಿಲ್ಲ.

"ಹೋಗಿ," ಅಂದೆ. "ಸೋಮವಾರದ ಬಸ್ಸಿಗೆ ಹೋಗಿ, ಶನಿವಾರ ಬನ್ನಿ. ಹುಡುಗರಿಗೂ ನಿಮ್ಮಂಥವರು ಬೇಕು. ಬಟ್ಟೆ ನೀವೇ ಒಣಗಹಾಕಿಕೊಳ್ಳಿ."

ಹಾಗೆಯೇ ಆಯಿತು. ಘಟ್ಟದಾಚೆ ಅವರು ಸುಖವಾಗಿದ್ದಾರೆ. ಶನಿವಾರ ಬಂದವರು ಉಗ್ರಾಣದಲ್ಲಿ ಹೊಸ ಜಾಡಿ ಇಡುತ್ತಾರೆ, ಇದ್ದಷ್ಟು ದಿನ ಕಲಕುತ್ತಾರೆ, ಉಳಿದ ದಿನ ನಾನು. ಒಮ್ಮೆ ಅನಾನಸು, ಒಮ್ಮೆ ನೇರಳೆ. ಗಂಟಲು ಇನ್ನೂ ಹಾಗೇ ಇದೆ, ಆದರೆ ವಾರವಿಡೀ ಮೈದಾನದಲ್ಲಿ ಬಳಸಿ ಬರುವುದರಿಂದ ಮನೆಗೆ ಬರುವಾಗ ಸ್ವಲ್ಪ ಸವೆದಿರುತ್ತದೆ. ಅನಾನಸಿನ ವೈನ್ ಕುಡಿದರೆ ಆಗೀಗ "ಒಂದ್, ಎರಡ್" ಬರುತ್ತದೆ, ಅಷ್ಟೆ.

ಈಚೆಗೆ ತಾಲ್ಲೂಕು ಮಟ್ಟದ ಮಹಿಳೆಯರ ಕೇರಂ ಪಂದ್ಯ ನಮ್ಮ ಸಮಾಜದಲ್ಲೇ ನಡೆಯಿತು. ನಾನೂ ಫಿಲೋಮಿನಾ ಬಾಯಿಯೂ ಫೈನಲ್ ತಲುಪಿದೆವು. ನಮ್ಮ ಮನೆಯವರು ಶನಿವಾರದ ಬಸ್ಸಿನಿಂದ ಇಳಿದು ನೇರವಾಗಿ ಅಲ್ಲಿಗೇ ಬಂದು ಕೊನೆಯ ಸಾಲಿನಲ್ಲಿ ಕೂತರು. ಚೀಲವನ್ನು ಎದೆಗೆ ಅವುಚಿಕೊಂಡು, ತುಟಿ ಬಿಗಿದು, ಆಟ ಮುಗಿಯುವವರೆಗೆ ಒಂದು ಸದ್ದೂ ಮಾಡಲಿಲ್ಲ. ಸಮಾಜದ ಅರ್ಧ ಹೆಂಗಸರು ಆಟ ಬಿಟ್ಟು ಅವರನ್ನೇ ನೋಡುತ್ತಿದ್ದರು. ಕಡೆಯ ಬೋರ್ಡಿನಲ್ಲಿ ನಾನು ಹೊಡೆದ ರೆಡ್ ಕಾಯಿ ಪಾಕೆಟ್ಟಿನ ಅಂಚಿಗೆ ಬಡಿದು ವಾಪಸ್ ಬಂತು. ಸೋತೆವು.

ಮನೆಗೆ ನಡೆದು ಬರುವಾಗ ಅವರು ಮಾತಾಡಲಿಲ್ಲ. ಬಾಯಿ ತೆರೆಯುತ್ತಿದ್ದರು, ಮುಚ್ಚುತ್ತಿದ್ದರು. ಬೀದಿಯ ತಿರುವಿನಲ್ಲಿ ನನಗೇ ತಡೆಯಲಾಗಲಿಲ್ಲ.

"ಹೇಳಿಬಿಡಿ, ಉಸಿರು ಕಟ್ಟಿ ಬೀಳ್ತೀರಿ."

"ಹೇಳ್ಲಾ?"

"ಹೇಳಿ."

"ಮಣಿಕಟ್ಟು ಬಿಗಿ ಹಿಡೀತೀಯ. ಏಟಿಗೆ ಮುಂಚೆ ಉಸಿರು ಬಿಟ್ಟು ಸಡಿಲ ಮಾಡ್ಕೊ. ಅಷ್ಟೇ. ಇನ್ನೇನಿಲ್ಲ, ಚೆನ್ನಾಗಿ ಆಡಿದೆ."

ಅವರು ಸೋಮವಾರದ ಬಸ್ಸು ಹತ್ತಿದ ಮೇಲೆ ಸಮಾಜಕ್ಕೆ ಹೋಗಿ, ಕೋಣೆಯಲ್ಲಿ ಯಾರೂ ಇಲ್ಲದಾಗ ಒಬ್ಬಳೇ ಬೋರ್ಡಿನ ಮುಂದೆ ಕೂತೆ. ರೆಡ್ಡನ್ನು ಅದೇ ಜಾಗದಲ್ಲಿಟ್ಟೆ. ಉಸಿರು ಬಿಟ್ಟೆ, ಮಣಿಕಟ್ಟು ಸಡಿಲ ಮಾಡಿದೆ, ಹೊಡೆದೆ. ಅದು ತುಟಿ ಪಿಟಕ್ಕೆನ್ನದೆ ಪಾಕೆಟ್ಟಿಗೆ ಹೋಗಿ ಬಿತ್ತು. ಮತ್ತೆ ಇಟ್ಟು ಹೊಡೆದೆ. ಮತ್ತೆ ಬಿತ್ತು.

ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ಅವಸರವೇನೂ ಇಲ್ಲ.